ಚಂದ್ರನ ಮೇಲೆ ಬಾವಲಿ ಮನುಷ್ಯರು! 1835ರ ಸುಳ್ಳು ಸುದ್ದಿಗೆ ಸಿಕ್ಕಿಬಿದ್ದ ಜಾನ್ ಹರ್ಷೆಲ್ ಯಾರು?

ಸುರುಳಿ ಸುತ್ತಿಕೊಂಡ ಗ್ಯಾಲಕ್ಸಿಯ ಬಣ್ಣದ ಫೋಟೋ. ಕೆಳಗೆ, ನಿನ್ನೆ ರಾತ್ರಿ ಆಕಾಶದಲ್ಲಿ ಹೀಗೆ ಕಂಡಿತು ಎಂಬ ಒಕ್ಕಣೆ. ಇಂಥ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಇದೆಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದು, ಗ್ಯಾಲಕ್ಸಿ ಫೋಟೋಗಳೆಲ್ಲ ನಕಲಿ ಎನ್ನುವ ಮೆಸೇಜುಗಳೂ ಬರುತ್ತವೆ. ಎರಡೂ ತಪ್ಪು. ಯಾಕೆ ಎಂದು ತಿಳಿಯಲು ಒಬ್ಬ ವಿಜ್ಞಾನಿಯ ಬದುಕನ್ನು ನೋಡೋಣ. ಅವರ ಮನೆತನಕ್ಕೂ ನಮ್ಮ ಜಮಖಂಡಿಗೂ ನಂಟಿದೆ.

ಹವ್ಯಾಸಿಗಳ ಮನೆ

ಜಾನ್ ಹರ್ಷೆಲ್ ಹುಟ್ಟಿದ್ದು 1792ರ ಮಾರ್ಚ್ 7ರಂದು, ಇಂಗ್ಲೆಂಡಿನ ಸ್ಲೌ ಎಂಬಲ್ಲಿ. ತಂದೆ ವಿಲಿಯಂ ಹರ್ಷೆಲ್ ಮೂಲತಃ ಸಂಗೀತಗಾರ. ಹವ್ಯಾಸಕ್ಕೆಂದು ದೂರದರ್ಶಕ ಮಾಡಿಕೊಳ್ಳುತ್ತಾ 1781ರಲ್ಲಿ ಯುರೇನಸ್ ಗ್ರಹವನ್ನೇ ಕಂಡುಹಿಡಿದವರು. ಸೋದರತ್ತೆ ಕ್ಯಾರೊಲಿನ್ ಧೂಮಕೇತುಗಳನ್ನು ಪತ್ತೆಹಚ್ಚಿ ಹೆಸರಾದವರು. ಈಗ ಎನ್‌ಜಿಸಿ 253 ಎಂದು ಕರೆಯುವ ಸುರುಳಿ ಗ್ಯಾಲಕ್ಸಿಯನ್ನು 1783ರಲ್ಲಿ ಮೊದಲು ಕಂಡವರೂ ಅವರೇ.

ಕೇಂಬ್ರಿಡ್ಜ್‌ನಲ್ಲಿ ಗಣಿತ ಓದಿದ ಜಾನ್ 1813ರಲ್ಲಿ ಮೊದಲ ಸ್ಥಾನ ಪಡೆದರು. ತಂದೆಗೆ ವಯಸ್ಸಾದಾಗ ಅವರ ಕೆಲಸಕ್ಕೆ ಹೆಗಲು ಕೊಟ್ಟರು. ತಂದೆ ಗುರುತಿಸಿದ್ದ ನೀಹಾರಿಕೆಗಳನ್ನು ಒಂದೊಂದಾಗಿ ಮತ್ತೆ ನೋಡಿ, 1833ರಲ್ಲಿ 2,307 ನೀಹಾರಿಕೆ ಮತ್ತು ನಕ್ಷತ್ರಗುಚ್ಛಗಳ ಪಟ್ಟಿ ಪ್ರಕಟಿಸಿದರು. ತಂದೆಯ ಮಾತೆಂದು ಹಾಗೇ ಒಪ್ಪಿಕೊಳ್ಳದೆ ಮರುಪರಿಶೀಲನೆ ಮಾಡಿದ್ದು ಇಲ್ಲಿ ಮುಖ್ಯ.

ಅವರಿಲ್ಲದಾಗ ಹಬ್ಬಿದ ಸುಳ್ಳು

ಅದೇ ವರ್ಷದ ನವೆಂಬರಿನಲ್ಲಿ ದಕ್ಷಿಣದ ಆಕಾಶ ನೋಡಲು ಹೆಂಡತಿ ಮಕ್ಕಳೊಂದಿಗೆ ಹಡಗು ಹತ್ತಿ ದಕ್ಷಿಣ ಆಫ್ರಿಕಾದ ಕೇಪ್‌ಗೆ ಹೊರಟರು. ಖರ್ಚೆಲ್ಲ ಕೈಯಿಂದಲೇ. ನಾಲ್ಕು ವರ್ಷ ರಾತ್ರಿಗಳನ್ನು ದೂರದರ್ಶಕದ ಮುಂದೆ ಕಳೆದರು. ಅತ್ತೆ ಕಂಡಿದ್ದ ಎನ್‌ಜಿಸಿ 253 ಇಂಗ್ಲೆಂಡಿನಲ್ಲಿ ದಿಗಂತದ ಹತ್ತಿರವೇ ಉಳಿಯುತ್ತದೆ. ಕೇಪ್‌ನಲ್ಲಿ ಅದು ಹೆಚ್ಚುಕಡಿಮೆ ನೆತ್ತಿಯ ಮೇಲೆ ಬರುತ್ತದೆ.

1835ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಸನ್ ಪತ್ರಿಕೆ ಇವರ ಹೆಸರಿನಲ್ಲಿ ಆರು ಕಂತುಗಳ ಲೇಖನ ಅಚ್ಚು ಹಾಕಿತು. ಹರ್ಷೆಲ್ ಭಾರೀ ದೂರದರ್ಶಕದಿಂದ ಚಂದ್ರನ ಮೇಲೆ ಕಾಡು, ಪ್ರಾಣಿಗಳು, ಬಾವಲಿಯಂತೆ ರೆಕ್ಕೆಯಿರುವ ಮನುಷ್ಯರನ್ನು ಕಂಡಿದ್ದಾರೆ ಎಂದಿತು. ಆಧಾರವೆಂದು ಹೆಸರಿಸಿದ್ದು ಆಗಲೇ ನಿಂತುಹೋಗಿದ್ದ ಒಂದು ವಿಜ್ಞಾನ ಪತ್ರಿಕೆಯನ್ನು. ಜನ ನಂಬಿದರು. ಹರ್ಷೆಲ್ ಇದ್ದದ್ದು ಸಾಗರದಾಚೆ, ಫೋನೂ ಇಲ್ಲ, ತಂತಿಯೂ ಇಲ್ಲ. ಅವರಿಗೆ ವಿಷಯ ಗೊತ್ತಾಗುವ ಹೊತ್ತಿಗೆ ಸುದ್ದಿ ಊರೂರು ಸುತ್ತಿಯಾಗಿತ್ತು. ಮೊದಮೊದಲು ನಕ್ಕರು, ಆಮೇಲೆ ಎಲ್ಲರೂ ಅದನ್ನೇ ಕೇಳತೊಡಗಿದಾಗ ಬೇಸತ್ತರು.

ದೊಡ್ಡ ಹೆಸರು, ದೂರದ ಊರು, ಪರೀಕ್ಷಿಸಲಾಗದ ಆಧಾರ. ಇಂದಿನ ಫಾರ್ವರ್ಡ್‌ಗಳ ಸೂತ್ರವೂ ಇದೇ ಅಲ್ಲವೇ?

ಫೋಟೋ ಅಳಿಸದಂತೆ ಮಾಡಿದ್ದು

1838ರಲ್ಲಿ ಹರ್ಷೆಲ್ ಇಂಗ್ಲೆಂಡಿಗೆ ಮರಳಿದರು. ಮರುವರ್ಷ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಬೆಳಕಿನಿಂದ ಚಿತ್ರ ಮೂಡಿಸುವ ವಿಧಾನದ ಸುದ್ದಿ ಬಂತು. ಆಗಿನ ಒಂದು ದೊಡ್ಡ ತೊಡಕೆಂದರೆ, ಬೆಳಕು ತಾಗುತ್ತಲೇ ಇದ್ದರೆ ಚಿತ್ರ ಪೂರ್ತಿ ಕಪ್ಪಾಗುತ್ತಿತ್ತು. ಹೈಪೋ ಎಂಬ ರಾಸಾಯನಿಕ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಎಂದು ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದರು. ಈಗ ಅದರಿಂದ ಚಿತ್ರ ತೊಳೆದರು, ಚಿತ್ರ ನಿಂತಿತು. ಫಿಲ್ಮ್ ಕಾಲದ ಸ್ಟುಡಿಯೋದವರನ್ನು ಕೇಳಿ, ಹೈಪೋ ಅವರಿಗೆ ಚೆನ್ನಾಗಿ ಗೊತ್ತು. ಫೋಟೋಗ್ರಫಿ, ನೆಗೆಟಿವ್, ಪಾಸಿಟಿವ್ ಎಂಬ ಪದಗಳು ಬಳಕೆಗೆ ಬಂದದ್ದರಲ್ಲೂ ಅವರ ಪಾತ್ರ ದೊಡ್ಡದು.

ಆದರೆ ಅವರು ನೀಹಾರಿಕೆಗಳನ್ನು ದಾಖಲಿಸಿದ್ದು ಕಣ್ಣಿನಿಂದ ನೋಡಿ, ಕೈಯಿಂದ ಬರೆದು. ಮೆಸ್ಸಿಯರ್ 51 ಎಂಬ ಗ್ಯಾಲಕ್ಸಿಯನ್ನು ಅವರು ಉಂಗುರದಂತೆ ಚಿತ್ರಿಸಿದ್ದರು. 1845ರಲ್ಲಿ ಲಾರ್ಡ್ ರಾಸ್ ಇನ್ನೂ ದೊಡ್ಡ ದೂರದರ್ಶಕದಲ್ಲಿ ನೋಡಿದಾಗ ಅದು ಸುರುಳಿ ಎಂದು ತಿಳಿಯಿತು. ಪ್ರಾಮಾಣಿಕ ಕಣ್ಣಿಗೂ ಒಂದು ಮಿತಿ ಇದೆ.

ಜಮಖಂಡಿಗೆ ಬಂದ ಮಗ

ಕೇಪ್‌ನಲ್ಲಿ 1837ರಲ್ಲಿ ಹುಟ್ಟಿದ ಮಗನ ಹೆಸರೂ ಜಾನ್. ಸೇನೆಯ ಎಂಜಿನಿಯರ್ ಆಗಿ ಭಾರತದ ಭೂಮಾಪನ ಕೆಲಸದಲ್ಲಿದ್ದ ಅವರು ಬೆಂಗಳೂರಿನಿಂದ ದಕ್ಷಿಣದ ನೀಹಾರಿಕೆಗಳ ಬೆಳಕನ್ನು ರೋಹಿತದರ್ಶಕದಲ್ಲಿ ಪರೀಕ್ಷಿಸಿದರು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣ ನೋಡಲು ಜಮಖಂಡಿಗೆ ಬಂದರು. ಮಳೆಗಾಲ, ಮೋಡದ ಕಾಟ. ಮೋಡ ಸರಿದ ಸ್ವಲ್ಪ ಹೊತ್ತಿನಲ್ಲೇ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಹೊಳೆಯುವ ಗೆರೆಗಳನ್ನು ಕಂಡರು. ಆ ಜ್ವಾಲೆಗಳು ಕಾದ ಅನಿಲ ಎಂಬುದಕ್ಕೆ ಅದು ಸಾಕ್ಷಿಯಾಯಿತು.

ತಂದೆ ಜಾನ್ ಹರ್ಷೆಲ್ 1871ರ ಮೇ 11ರಂದು ತೀರಿಕೊಂಡರು. ಅವರ ಪಟ್ಟಿಯನ್ನೇ ಹಿಗ್ಗಿಸಿ ಡ್ರೇಯರ್ 1888ರಲ್ಲಿ ಎನ್‌ಜಿಸಿ ಪಟ್ಟಿ ಹೊರತಂದರು. ಅದೇ ವರ್ಷ ಡಿಸೆಂಬರಿನಲ್ಲಿ ಐಸಾಕ್ ರಾಬರ್ಟ್ಸ್ ಎಂಬ ಹವ್ಯಾಸಿ ಆಂಡ್ರೊಮಿಡಾದ ಫೋಟೋ ತೆಗೆದು ಸುರುಳಿಯನ್ನು ತೋರಿಸಿದರು. ವೃತ್ತಿಯಿಂದ ಅವರು ಕಟ್ಟಡ ಗುತ್ತಿಗೆದಾರ. ಫೋಟೋ ನಿಜ, ವಿವರಣೆ ತಪ್ಪು: ಅದೊಂದು ಹುಟ್ಟುತ್ತಿರುವ ಸೌರಮಂಡಲ ಎಂದು ಅವರು ತಿಳಿದಿದ್ದರು. ಅದು ನಮ್ಮ ಆಕಾಶಗಂಗೆಯ ಆಚೆಗಿನ ಬೇರೆಯೇ ಗ್ಯಾಲಕ್ಸಿ ಎಂದು 1920ರ ದಶಕದಲ್ಲಿ ಹಬಲ್ ತೋರಿಸಿದರು.

ಹಾಗಾದರೆ ಇಂದಿನ ಫೋಟೋಗಳು?

ಇಂದಿನ ಹವ್ಯಾಸಿಗಳು ಒಂದೇ ಕ್ಲಿಕ್ಕಿನಲ್ಲಿ ಗ್ಯಾಲಕ್ಸಿ ಹಿಡಿಯುವುದಿಲ್ಲ. ಭೂಮಿ ತಿರುಗಿದಂತೆ ಕ್ಯಾಮೆರಾವನ್ನೂ ತಿರುಗಿಸುವ ಯಂತ್ರದ ಮೇಲಿಟ್ಟು ನೂರಾರು ಫೋಟೋ ತೆಗೆಯುತ್ತಾರೆ, ಅವನ್ನು ಒಂದರ ಮೇಲೊಂದು ಜೋಡಿಸುತ್ತಾರೆ. ಬೆಳಕು ಕೂಡುತ್ತಾ ಹೋಗುತ್ತದೆ. 100 ಫೋಟೋ ಸೇರಿಸಿ ಸರಾಸರಿ ತೆಗೆದರೆ ಚಿತ್ರದಲ್ಲಿನ ಕಾಳುಕಾಳು ಸುಮಾರು 10 ಪಟ್ಟು ತಗ್ಗುತ್ತದೆ. ಲೆನ್ಸ್ ಮುಚ್ಚಿ ತೆಗೆದ ಫೋಟೋಗಳಿಂದ ಕ್ಯಾಮೆರಾದ ದೋಷ ಕಳೆಯುತ್ತಾರೆ. ಕೊನೆಗೆ ಮಸುಕಾದ ಭಾಗವನ್ನು ಕಣ್ಣಿಗೆ ಕಾಣುವಷ್ಟು ಬೆಳಗಿಸುತ್ತಾರೆ. ಇದು ಇಲ್ಲದ್ದನ್ನು ಸೇರಿಸುವುದಲ್ಲ, ಇದ್ದದ್ದನ್ನು ಹೊರಗೆ ತೆಗೆಯುವುದು.

ಹಿಪ್ಪರಗಿಯ ಕೃಷ್ಣಾ ದಂಡೆಯಲ್ಲಿ ಲೈಟುಗಳಿಂದ ದೂರ ನಿಂತು ನವೆಂಬರಿನ ಅಮಾವಾಸ್ಯೆ ರಾತ್ರಿ ನೋಡಿದರೆ ಆಂಡ್ರೊಮಿಡಾ ಬರಿಗಣ್ಣಿಗೇ ಕಾಣಬಹುದು. ಆದರೆ ಬಣ್ಣದ ಸುರುಳಿಯಾಗಿ ಅಲ್ಲ, ಬೂದಿ ಒರೆಸಿದಂಥ ಮಸುಕು ಮಚ್ಚೆಯಾಗಿ. ಆ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷ ಆಗಿದೆ.

ಮುಂದಿನ ಸಲ ಇಂಥ ಫೋಟೋ ಬಂದಾಗ ಮೂರು ಪ್ರಶ್ನೆ ಕೇಳಿ: ಯಾರು ತೆಗೆದದ್ದು? ಯಾವ ಗ್ಯಾಲಕ್ಸಿ? ಎಷ್ಟು ಹೊತ್ತು ಬೆಳಕು ಕೂಡಿಸಿದ್ದು? ನಿಜವಾಗಿ ತೆಗೆದವರು ಇದನ್ನೆಲ್ಲ ಸಂತೋಷದಿಂದ ಹೇಳುತ್ತಾರೆ. ಉತ್ತರ ಸಿಕ್ಕರೆ ಧಾರಾಳವಾಗಿ ಹಂಚಿಕೊಳ್ಳಿ. ಸಿಗದಿದ್ದರೆ ಬಾವಲಿ ಮನುಷ್ಯರನ್ನು ನೆನಪಿಸಿಕೊಂಡು ಅಲ್ಲಿಗೇ ನಿಲ್ಲಿಸಿ.