ಎಚ್ಚರದಾಚೆಗಿನ ಅರಿವು: ನಿಸರ್ಗದತ್ತ ಮಹಾರಾಜರ ಬದುಕು

ಎಚ್ಚರ, ಕನಸು, ನಿದ್ದೆ ಎಂಬ ಮೂರು ಅವಸ್ಥೆಗಳ ವಿಚಾರ ಭಾರತೀಯ ತತ್ತ್ವಚಿಂತನೆಯಲ್ಲಿ ಬಹು ಪ್ರಾಚೀನವಾದುದು. ಮಾಂಡೂಕ್ಯೋಪನಿಷತ್ತು ಈ ಮೂರನ್ನೂ ಇವುಗಳಾಚೆಯ ತುರೀಯವನ್ನೂ ನಿರೂಪಿಸಿತು. ಗೌಡಪಾದರ ಕಾರಿಕೆಗಳು ಎಚ್ಚರದ ಜಗತ್ತನ್ನು ಕನಸಿನ ಜಗತ್ತಿನೊಡನೆ ತೂಗಿ ನೋಡಿದವು. ಮಠಗಳಲ್ಲಿಯೂ ಪಂಡಿತರ ವಾಕ್ಯಾರ್ಥಸಭೆಗಳಲ್ಲಿಯೂ ಬೆಳೆದುಬಂದ ಈ ವಿಚಾರ ಇಪ್ಪತ್ತನೆಯ ಶತಮಾನದಲ್ಲಿ ಅನಿರೀಕ್ಷಿತವಾದ ಒಂದು ನೆಲೆಯನ್ನು ಕಂಡುಕೊಂಡಿತು. ಅದು ಮುಂಬಯಿಯ ಖೇತವಾಡಿಯ ಹತ್ತನೆಯ ಗಲ್ಲಿಯ ಮನೆಯೊಂದರ ಅಟ್ಟ. ಅಲ್ಲಿ ಕುಳಿತು ಮಾತನಾಡುತ್ತಿದ್ದವರು ಬೀಡಿ ಮಾರಿ ಸಂಸಾರ ಸಾಗಿಸಿದ ಗೃಹಸ್ಥರು. ಸಂಸ್ಕೃತ ಪಾಂಡಿತ್ಯವಾಗಲಿ, ಔಪಚಾರಿಕ ಉನ್ನತ ಶಿಕ್ಷಣವಾಗಲಿ ಅವರಿಗಿರಲಿಲ್ಲ. ಲೋಕವು ಅವರನ್ನು ನಿಸರ್ಗದತ್ತ ಮಹಾರಾಜರೆಂದು ಬಲ್ಲದು. ಅವರ ಉಪದೇಶದ ಗುರುಮೂಲವು ಕನ್ನಡ ನೆಲದ ಇಂಚಗೇರಿಯಲ್ಲಿದೆ ಎಂಬ ಸಂಗತಿ ಮಾತ್ರ ಕನ್ನಡದ ಅಧ್ಯಯನಗಳಲ್ಲಿ ಪಡೆಯಬೇಕಾದಷ್ಟು ಗಮನವನ್ನು ಪಡೆದಿಲ್ಲ.

ಅವರು ಹುಟ್ಟಿದ್ದು 1897ರ ಏಪ್ರಿಲ್ 17ರಂದು, ಮುಂಬಯಿಯಲ್ಲಿ. ಅಂದು ಹನುಮಜ್ಜಯಂತಿಯಾದುದರಿಂದ ಮಗುವಿಗೆ ಮಾರುತಿ ಎಂದು ಹೆಸರಿಟ್ಟರು. ತಂದೆ ಶಿವರಾಮಪಂತ ಕಾಂಬಳಿಯವರು ಮುಂಬಯಿಯಲ್ಲಿ ಮನೆಗೆಲಸ ಮಾಡಿಕೊಂಡಿದ್ದು, ಮುಂದೆ ಕೊಂಕಣದ ಕಂದಲಗಾಂವ್ ಎಂಬ ಹಳ್ಳಿಗೆ ಹೋಗಿ ಚಿಕ್ಕ ಹಿಡುವಳಿಯ ರೈತರಾದರು. ಮಾರುತಿಯ ಬಾಲ್ಯ ದನಕರುಗಳ ಮೇಲ್ವಿಚಾರಣೆಯಲ್ಲಿ, ಹೊಲದ ಕೆಲಸದಲ್ಲಿ ಕಳೆಯಿತು. 1915ರಲ್ಲಿ ತಂದೆ ತೀರಿಕೊಂಡರು. ಮನೆಯ ಭಾರ ಮಕ್ಕಳ ಮೇಲೆ ಬಿದ್ದುದರಿಂದ, ಅಣ್ಣನ ಹಿಂದೆಯೇ ಮಾರುತಿಯೂ 1918ರಲ್ಲಿ ಮುಂಬಯಿಗೆ ಬಂದರು. ಕೊಂಕಣದ ಅಸಂಖ್ಯ ತರುಣರು ನಡೆದ ದಾರಿಯೇ ಅದು. ಕೆಲಕಾಲ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡಿದರು. ಪರಾಧೀನವಾದ ಆ ಬದುಕು ಒಗ್ಗದೆ ಸ್ವಂತ ಅಂಗಡಿಯನ್ನು ತೆರೆದರು. ಬೀಡಿಯೇ ಅಲ್ಲಿನ ಮುಖ್ಯ ಸರಕು. ವ್ಯಾಪಾರ ಕೈಹಿಡಿದು ಒಂದಂಗಡಿ ಹಲವಾಯಿತು. 1924ರಲ್ಲಿ ಸುಮತೀಬಾಯಿಯವರನ್ನು ಮದುವೆಯಾದರು. ಮೂವರು ಹೆಣ್ಣುಮಕ್ಕಳು, ಒಬ್ಬ ಮಗ ಹುಟ್ಟಿದರು.

ಈ ಸಾಮಾನ್ಯ ಬದುಕಿಗೆ ತಿರುವು ಬಂದುದು 1933ರಲ್ಲಿ. ಯಶವಂತರಾವ್ ಬಾಗಕರ್ ಎಂಬ ಗೆಳೆಯರು ಅವರನ್ನು ಸಿದ್ಧರಾಮೇಶ್ವರ ಮಹಾರಾಜರ ಬಳಿಗೆ ಕರೆದೊಯ್ದರು. ಸಿದ್ಧರಾಮೇಶ್ವರರು 1888ರಲ್ಲಿ ಸೊಲ್ಲಾಪುರ ಸೀಮೆಯ ಪಾಥ್ರಿಯಲ್ಲಿ ಹುಟ್ಟಿದವರು. ಬಿಜಾಪುರದ ವ್ಯಾಪಾರಿ ಮಳಿಗೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾಗ, 1906ರಲ್ಲಿ, ಇಂಚಗೇರಿಯ ಭಾವೂಸಾಹೇಬ ಮಹಾರಾಜರಿಂದ ಉಪದೇಶ ಪಡೆದವರು. ಉಮದಿಯ ದೇಶಪಾಂಡೆ ಮನೆತನದ ಭಾವೂಸಾಹೇಬರ ಗುರುಗಳು ನಿಂಬರಗಿಯ ಗುರುಲಿಂಗಜಂಗಮ ಮಹಾರಾಜರು. ಲಿಂಗಾಯತ ಗುರುವೊಬ್ಬರಿಂದ ಬ್ರಾಹ್ಮಣ ಶಿಷ್ಯನಿಗೆ, ಆತನಿಂದ ಅನೇಕ ಜಾತಿಗಳ ಸಾಧಕರಿಗೆ, ಕನ್ನಡ ಮರಾಠಿಗಳೆರಡರಲ್ಲಿಯೂ ಹರಿದ ಪರಂಪರೆಯಿದು. ಜಮಖಂಡಿಯಲ್ಲಿ ಹುಟ್ಟಿ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಕನ್ನಡ ಅನುಭಾವ ಸಾಹಿತ್ಯವನ್ನು ಕುರಿತು ಗ್ರಂಥ ರಚಿಸಿದ ಗುರುದೇವ ರಾನಡೆಯವರೂ ಭಾವೂಸಾಹೇಬರ ಶಿಷ್ಯರೇ. ಒಂದೇ ಗುರುಮನೆಯ ಒಂದು ಕವಲು ನಿಂಬಾಳದಲ್ಲಿ ರಾನಡೆಯವರ ಆಶ್ರಮವಾಯಿತು, ಇನ್ನೊಂದು ಮುಂಬಯಿಯ ಗಲ್ಲಿಗೆ ಬಂದಿತು.

ಭಾವೂಸಾಹೇಬರ ಸಾಧನೆಯಲ್ಲಿ ನಾಮಸ್ಮರಣೆ, ದೀರ್ಘ ಧ್ಯಾನಗಳು ಪ್ರಧಾನವಾಗಿದ್ದವು. ಸಿದ್ಧರಾಮೇಶ್ವರರು ಅದೇ ಮಾರ್ಗದಲ್ಲಿ ಸಾಗಿ, ಬಳಿಕ ವಿಚಾರಕ್ಕೆ ಮೊದಲ ಸ್ಥಾನವನ್ನಿತ್ತರು. ಇರುವೆಯಂತೆ ಮರವನ್ನು ಮೆಲ್ಲಮೆಲ್ಲನೆ ಹತ್ತುವ ಪಿಪೀಲಿಕ ಮಾರ್ಗ, ಹಕ್ಕಿಯಂತೆ ನೇರವಾಗಿ ಹಣ್ಣಿಗೆ ಹಾರುವ ವಿಹಂಗಮ ಮಾರ್ಗ ಎಂಬ ಹಳೆಯ ವಿಂಗಡಣೆಯಲ್ಲಿ ಅವರು ಎರಡನೆಯದನ್ನು ಎತ್ತಿಹಿಡಿದರು. ಸ್ಥೂಲ, ಸೂಕ್ಷ್ಮ, ಕಾರಣ, ಮಹಾಕಾರಣ ಎಂಬ ನಾಲ್ಕು ದೇಹಗಳನ್ನು ಎಚ್ಚರ, ಕನಸು, ನಿದ್ದೆ, ತುರೀಯಗಳೊಡನೆ ಹೊಂದಿಸಿ, ಒಂದೊಂದನ್ನೂ ಪರಿಶೀಲಿಸಿ ಕಳಚುವ ಕ್ರಮವನ್ನು ಅವರು ಬೋಧಿಸಿದರು. ಕಾರಣದೇಹವೆಂದರೆ ಶುದ್ಧ ಮರೆವು. ಅದರ ದಿನನಿತ್ಯದ ಅನುಭವವೇ ಗಾಢನಿದ್ದೆ. ಮಾರುತಿ ಕಾಂಬಳಿಯವರು ಗುರುವಿನ ಪ್ರವಚನಗಳನ್ನು ಶ್ರದ್ಧೆಯಿಂದ ಬರೆದಿಟ್ಟುಕೊಂಡರು; ಮುಂದೆ ಅವು ಮರಾಠಿಯಲ್ಲಿ ಗ್ರಂಥರೂಪ ಪಡೆದವು. ಅವರಿಗೆ ಗುರು ಕೊಟ್ಟ ಆದೇಶ ಅತಿ ಸರಳ: ತಾನಿದ್ದೇನೆ ಎಂಬ ಅರಿವನ್ನು ಮಾತ್ರ ಹಿಡಿದು ನಿಲ್ಲುವುದು, ಇನ್ನುಳಿದುದಾವುದಕ್ಕೂ ಮನಸ್ಸನ್ನು ಕೊಡದಿರುವುದು. ಅಂಗಡಿಯ ಕೆಲಸದ ನಡುವೆಯೇ ಅವರು ಅದನ್ನು ಆಚರಿಸಿದರು. ಮೂರು ವರ್ಷಗಳೊಳಗೆ ಅದು ಫಲಿಸಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ.

1936ರ ನವೆಂಬರಿನಲ್ಲಿ ಸಿದ್ಧರಾಮೇಶ್ವರರು ತೀರಿಕೊಂಡರು. ವಾಳಕೇಶ್ವರದ ಬಾಣಗಂಗೆಯಲ್ಲಿ ಅವರ ಸಮಾಧಿಯಿದೆ. ಮರುವರ್ಷ ಶಿಷ್ಯರು ಮನೆಮಾರು ತೊರೆದು ಸಂಚಾರ ಹೊರಟರು. ಸುಮಾರು ಎಂಟು ತಿಂಗಳು ಅಲೆದು, 1938ರಲ್ಲಿ ಮುಂಬಯಿಗೆ ಮರಳಿದಾಗ ಅಂಗಡಿಗಳಲ್ಲಿ ಒಂದು ಮಾತ್ರ ಉಳಿದಿತ್ತು. ಅದರಲ್ಲಿಯೇ ಅವರು ಮತ್ತೆ ಕುಳಿತರು. ಈ ಮರಳುವಿಕೆ ಅವರ ಬದುಕಿನ ಬಹುಮುಖ್ಯ ಘಟನೆ. ಎಚ್ಚರದ ಜಗತ್ತೂ ಕನಸಿನಂಥದೇ ಎಂದು ಬಗೆದವನು ಆ ಜಗತ್ತಿನ ಸಾಲ, ವ್ಯಾಪಾರ, ಹೆಂಡತಿ ಮಕ್ಕಳನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಅವರು ನಡೆಯಲ್ಲಿ ಕೊಟ್ಟ ಉತ್ತರವಿದು. ಅದು ಸುಲಭದ ಉತ್ತರವಾಗಿರಲಿಲ್ಲ. 1942ರಿಂದ 1948ರ ನಡುವಣ ಅವಧಿಯಲ್ಲಿ ಮೊದಲು ಹೆಂಡತಿಯನ್ನೂ ಬಳಿಕ ಮಗಳನ್ನೂ ಅವರು ಕಳೆದುಕೊಂಡರು. ಆದರೂ ಅಂಗಡಿಯನ್ನು ಬಿಡಲಿಲ್ಲ. 1951ರಲ್ಲಿ ಶಿಷ್ಯರಿಗೆ ಉಪದೇಶ ಕೊಡಲಾರಂಭಿಸಿದರು. 1966ರಲ್ಲಿ ಅಂಗಡಿಯನ್ನು ಮಗನಿಗೆ ವಹಿಸಿ, ಭಜನೆ ಸತ್ಸಂಗಗಳಲ್ಲಿ ಪೂರ್ಣವಾಗಿ ತೊಡಗಿದರು.

ಅವರ ವಿಚಾರದ ತಿರುಳು ನಿದ್ದೆಯ ವಿಷಯದಲ್ಲಿ ಸ್ಪಷ್ಟವಾಗುತ್ತದೆ. ಗಾಢನಿದ್ದೆಯಿಂದ ಎದ್ದವನು ಸುಖವಾಗಿ ಮಲಗಿದ್ದೆನೆಂದು ಹೇಳುತ್ತಾನೆ. ಅದ್ವೈತಿಗಳ ಪ್ರಕಾರ ಇದು ಸ್ಮರಣೆ. ಅನುಭವವಿಲ್ಲದೆ ಸ್ಮರಣೆಯಿಲ್ಲವಾದುದರಿಂದ ನಿದ್ದೆಯಲ್ಲಿಯೂ ಸಾಕ್ಷಿಯೊಂದು ಇದ್ದೇ ಇದೆ. ನೈಯಾಯಿಕರ ಪ್ರಕಾರ ಇದು ಎದ್ದ ಬಳಿಕ ಮಾಡಿದ ಅನುಮಾನ ಮಾತ್ರ. ಶತಮಾನಗಳ ಈ ವಾದವನ್ನು ನಿಸರ್ಗದತ್ತರು ಶಾಸ್ತ್ರದ ದಾರಿಯಲ್ಲಿ ಪ್ರವೇಶಿಸಲಿಲ್ಲ. ಪ್ರತಿದಿನ ಬೆಳಗ್ಗೆ ನಡೆಯುವ ಒಂದು ಸಾಮಾನ್ಯ ಘಟನೆಯತ್ತ ಅವರು ಬೊಟ್ಟುಮಾಡಿದರು. ನಿದ್ದೆ ತಿಳಿದೊಡನೆ ಮೊದಲು ಮೂಡುವುದು ತಾನಿದ್ದೇನೆಂಬ ಬರಿಯ ಅರಿವು. ಹೆಸರು, ದೇಹ, ಊರು, ಚಿಂತೆಗಳೆಲ್ಲ ಅದರ ಹಿಂದೆ ಬರುತ್ತವೆ. ಆ ಅರಿವು ಮೂಡದಿದ್ದಾಗ ಜಗತ್ತೂ ಇಲ್ಲ, ಜಗತ್ತಿಲ್ಲವೆಂಬ ಕೊರತೆಯೂ ಇಲ್ಲ. ಕನಸು ಕಾಣುವವನು ಅಲ್ಲಿನ ಅನೇಕ ದೇಹಗಳಲ್ಲಿ ಒಂದನ್ನು ತಾನೆಂದು ಹಿಡಿದುಕೊಳ್ಳುವಂತೆ, ಎಚ್ಚರದಲ್ಲಿಯೂ ಒಂದನ್ನು ಹಿಡಿದುಕೊಂಡಿದ್ದೇವೆ ಎಂಬುದು ಅವರ ಪ್ರತಿಪಾದನೆ.

ಇಲ್ಲಿಂದ ಮುಂದೆ ಅವರಿಟ್ಟ ಹೆಜ್ಜೆ ಇನ್ನೂ ದಿಟ್ಟವಾದುದು. ತಾನಿದ್ದೇನೆಂಬ ಈ ಅರಿವನ್ನೇ ಅವರು ಪರಮಸತ್ಯವೆಂದು ಹೇಳಲಿಲ್ಲ. ಅದು ಅನ್ನದ ಸಾರದಿಂದ ಬೆಳೆದ ದೇಹವನ್ನು ಆಶ್ರಯಿಸಿ, ಎಣ್ಣೆಯಿರುವ ತನಕ ದೀಪವುರಿದಂತೆ ಇದ್ದು ಹೋಗುವಂಥದು. ಶಿಶುವಿನಲ್ಲಿ ಒಂದು ದಿನ ತಾನಾಗಿ ತೋರಿಕೊಂಡದ್ದು ಒಂದು ದಿನ ಅಡಗಲೇಬೇಕು. ಬಂದು ಹೋಗುವ ಈ ಅರಿವನ್ನು ಯಾವುದು ಅರಿಯುತ್ತದೆಯೋ ಅದರಲ್ಲಿ ನೆಲೆಗೊಳ್ಳುವುದೇ ಅವರ ಉಪದೇಶದ ಕೊನೆಯ ಗುರಿ. ವಚನ ಸಾಹಿತ್ಯವನ್ನು ಓದಿದವರಿಗೆ ಈ ನಿಲುವು ತೀರ ಅಪರಿಚಿತವಲ್ಲ. ಅರಿವು ಮರವೆಗಳ ದ್ವಂದ್ವದಲ್ಲಿ ಮರವೆಯನ್ನು ನೀಗಿ ಅರಿವನ್ನು ಗಳಿಸುವುದು ಒಂದು ಮೆಟ್ಟಿಲಾದರೆ, ಅರಿದೆನೆಂಬ ಕುರುಹನ್ನೂ ಕಳೆದುಕೊಂಡು ಬಯಲಾಗುವುದು ಅಲ್ಲಮಪ್ರಭುವಿನ ನಿಲುವು. ಇದು ಪ್ರಭಾವವೆಂದು ಸಾಧಿಸಲು ಆಧಾರ ಸಾಲದು. ಆದರೆ ಸಾಮ್ಯವು ಆಕಸ್ಮಿಕವೆಂದು ಕೈಬಿಡುವಂಥದೂ ಅಲ್ಲ.

ಅವರ ಜೀವಿತಕಾಲದಲ್ಲಿಯೇ ಪಶ್ಚಿಮದ ವಿಜ್ಞಾನವೂ ನಿದ್ದೆಯನ್ನು ಅಳೆಯಲು ತೊಡಗಿತ್ತು. ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಮಿದುಳಿನ ವಿದ್ಯುದಲೆಗಳ ದಾಖಲೆಯನ್ನು ಪ್ರಕಟಿಸಿದರು. 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯೆಲ್ ಕ್ಲೈಟ್ಮನ್, ನಿದ್ದೆಯ ಒಂದು ಹಂತದಲ್ಲಿ ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗಳು ತ್ವರಿತವಾಗಿ ಚಲಿಸುವುದನ್ನೂ, ಆಗ ಎಬ್ಬಿಸಿದವರು ಹೆಚ್ಚಾಗಿ ಕನಸನ್ನು ವರದಿಮಾಡುವುದನ್ನೂ ತೋರಿಸಿದರು. ಸುಮಾರು 90 ನಿಮಿಷಗಳಿಗೊಮ್ಮೆ ಮರಳುವ ಈ ಹಂತ ವಯಸ್ಕರ ನಿದ್ದೆಯ ನಾಲ್ಕನೆಯ ಒಂದು ಪಾಲಿನಷ್ಟಿದೆ. ಇತರ ಹಂತಗಳಲ್ಲಿಯೂ ಕನಸುಗಳುಂಟೆಂದು ಬಳಿಕ ತಿಳಿದುಬಂದಿತು. ಈ ಶೋಧಗಳನ್ನು ಮಹಾರಾಜರ ಮಾತಿಗೆ ಪ್ರಮಾಣವೆಂದು ಭಾವಿಸುವುದು ಸರಿಯಲ್ಲ. ವಿಜ್ಞಾನಿ ಹೊರಗಿನಿಂದ ಇನ್ನೊಬ್ಬರ ನಿದ್ದೆಯನ್ನು ಅಳೆಯುತ್ತಾನೆ. ಅನುಭಾವಿ ತನ್ನ ನಿದ್ದೆಗೂ ಎಚ್ಚರಕ್ಕೂ ನಡುವಣ ಹೊಸ್ತಿಲಲ್ಲಿ ನಿಂತು ನೋಡುತ್ತಾನೆ. ಅರಿವು ದೇಹಾಶ್ರಿತವೆಂಬ ಮಾತಿನಲ್ಲಿ ಇಬ್ಬರೂ ಸಮೀಪಿಸುತ್ತಾರೆ. ಅದರಾಚೆ ಏನಿದೆಯೆಂಬಲ್ಲಿ ಬೇರೆಯಾಗುತ್ತಾರೆ.

ಖೇತವಾಡಿಯ ಮಾತು ಜಗತ್ತಿಗೆ ತಲುಪಿದುದು ಮಾರಿಸ್ ಫ್ರಿಡ್ಮನ್ ಅವರಿಂದ. ಪೋಲೆಂಡಿನಲ್ಲಿ ಹುಟ್ಟಿದ ಈ ಎಂಜಿನಿಯರು ಭಾರತಕ್ಕೆ ಬಂದು ಮೊದಲು ದುಡಿದದ್ದು ಬೆಂಗಳೂರಿನಲ್ಲಿ, ಮೈಸೂರು ಸರ್ಕಾರದ ವಿದ್ಯುತ್ ಉಪಕರಣಗಳ ಕಾರ್ಖಾನೆಯಲ್ಲಿ. ಗಾಂಧೀಜಿ, ರಮಣ ಮಹರ್ಷಿಗಳ ಒಡನಾಟವಿದ್ದ ಅವರು ಮಹಾರಾಜರ ಮರಾಠಿ ಸಂಭಾಷಣೆಗಳನ್ನು ಇಂಗ್ಲಿಷಿಗೆ ತಂದರು. 'ಐ ಆಮ್ ದಟ್' ಎಂಬ ಆ ಗ್ರಂಥವನ್ನು 1973ರಲ್ಲಿ ಮುಂಬಯಿಯ ಚೇತನಾ ಪ್ರಕಾಶನ ಪ್ರಕಟಿಸಿತು. ಆ ಬಳಿಕ ಯುರೋಪು, ಅಮೆರಿಕಗಳಿಂದ ಜನರು ಆ ಅಟ್ಟದ ಮೆಟ್ಟಿಲು ಹತ್ತತೊಡಗಿದರು. ಮಹಾರಾಜರು ಮರಾಠಿಯಲ್ಲಿಯೇ ಮಾತನಾಡುತ್ತಿದ್ದರು. ರಮೇಶ ಬಾಳ್ಸೇಕರ್, ಎಸ್. ಕೆ. ಮುಲ್ಲರಪಟ್ಟಣ ಮೊದಲಾದವರು ಅನುವಾದಿಸುತ್ತಿದ್ದರು.

ಬೀಡಿ ಮಾರಿದ, ಬೀಡಿ ಸೇದಿದ ಅವರಿಗೆ ಕೊನೆಗೆ ಗಂಟಲಿನ ಕ್ಯಾನ್ಸರ್ ಬಂದಿತು. ಅರಿವು ದೇಹದೊಡನೆ ಬಂದು ದೇಹದೊಡನೆ ಅಡಗುತ್ತದೆಂದು ಹೇಳುತ್ತ ಬಂದವರ ಮುಂದೆ ಆ ಮಾತೇ ಪರೀಕ್ಷೆಯಾಗಿ ನಿಂತಿತು. ನೋವಿಲ್ಲವೆಂದು ಅವರು ಹೇಳಲಿಲ್ಲ. ನೋವು ಅರಿವಿನಲ್ಲಿ ತೋರುತ್ತದೆ, ಆ ಅರಿವಿಗೂ ತಮಗೂ ಅಂತರವಿದೆ ಎಂಬುದನ್ನು ಮಾತ್ರ ಹೇಳಿದರು. ಧ್ವನಿ ಕುಗ್ಗಿದಂತೆ ಮಾತು ಸಂಕ್ಷಿಪ್ತವಾಯಿತು. 1981ರ ಮಧ್ಯಭಾಗದವರೆಗೂ ಬಂದವರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಆ ವರ್ಷ ಸೆಪ್ಟೆಂಬರ್ 8ರಂದು, 84ನೆಯ ವಯಸ್ಸಿನಲ್ಲಿ, ಅದೇ ಮುಂಬಯಿಯಲ್ಲಿ ಅವರು ತೀರಿಕೊಂಡರು.

ನಿಸರ್ಗದತ್ತರನ್ನು ಕನ್ನಡಿಗರೆನ್ನುವಂತಿಲ್ಲ, ಅವರ ಮಾತು ಮರಾಠಿ, ಅವರ ಬದುಕು ಮುಂಬಯಿಯದು. ಆದರೆ ನಿಂಬರಗಿಯಿಂದ ಇಂಚಗೇರಿಗೆ, ಇಂಚಗೇರಿಯಿಂದ ಖೇತವಾಡಿಗೆ ಬಂದ ದಾರಿಯನ್ನು ಬಿಟ್ಟು ಅವರನ್ನು ಪೂರ್ಣವಾಗಿ ಅರ್ಥಮಾಡಿಕೊಳ್ಳಲಾಗದು. ಇಂಗ್ಲಿಷಿನ ಮೂಲಕ ಅವರನ್ನು ಬಲ್ಲ ಓದುಗರಿಗೆ ಈ ದಾರಿ ಬಹುಮಟ್ಟಿಗೆ ಕಾಣದು. ಎರಡೂ ಭಾಷೆಗಳನ್ನು ಬಲ್ಲ, ವಚನಗಳನ್ನೂ ಮರಾಠಿ ಸಂತರನ್ನೂ ಒಟ್ಟಿಗೆ ಓದಬಲ್ಲ ಗಡಿನಾಡಿನ ಮತ್ತು ಮುಂಬಯಿಯ ಕನ್ನಡ ವಿದ್ವಾಂಸರಿಗೆ ಅದನ್ನು ತೋರಿಸಿಕೊಡುವುದು ಸಾಧ್ಯ.