ಕಾಣದ್ದನ್ನು ತೂಗಿ ನೋಡಿದ ಫ್ರಿಟ್ಸ್ ಜ್ವಿಕಿ

ಹಗ್ಗದ ತುದಿಗೆ ಕಲ್ಲು ಕಟ್ಟಿ ಗಿರಗಿರನೆ ತಿರುಗಿಸುವ ಹುಡುಗನನ್ನು ನೀವು ನೋಡಿರುತ್ತೀರಿ. ವೇಗ ಹೆಚ್ಚಿದಷ್ಟೂ ಹಗ್ಗ ಗಟ್ಟಿಯಾಗಿರಬೇಕು. ಇಲ್ಲವಾದರೆ ಕಲ್ಲು ಹಾರಿಹೋಗುತ್ತದೆ. ದೂರದಿಂದ ನೋಡುವವರಿಗೆ ಹಗ್ಗ ಕಾಣದಿರಬಹುದು. ಆದರೂ ಕಲ್ಲು ಹಾರಿಹೋಗದೆ ಸುತ್ತುತ್ತಿದ್ದರೆ, ಅದನ್ನು ಹಿಡಿದಿಟ್ಟ ಬಲವೊಂದು ಇದ್ದೇ ಇದೆ ಎಂದು ತಿಳಿಯಬಹುದು. ಇಂಥ ಸರಳ ತರ್ಕದಿಂದ ಆಕಾಶವನ್ನು ನೋಡಿ, ಯಾರೂ ಕಂಡಿರದ ದ್ರವ್ಯವೊಂದರ ಸುಳಿವು ಕೊಟ್ಟವರು ಫ್ರಿಟ್ಸ್ ಜ್ವಿಕಿ.

ಜ್ವಿಕಿಯವರು 1898ರ ಫೆಬ್ರವರಿ 14ರಂದು ಬಲ್ಗೇರಿಯದ ವಾರ್ನಾ ನಗರದಲ್ಲಿ ಜನಿಸಿದರು. ತಂದೆ ಸ್ವಿಟ್ಜರ್ಲೆಂಡಿನವರು, ತಾಯಿ ಚೆಕ್ ಮನೆತನದವರು. ಮಗ ವ್ಯಾಪಾರ ಕಲಿಯಲೆಂದು ಆರು ವರ್ಷದ ಬಾಲಕನನ್ನು ಸ್ವಿಟ್ಜರ್ಲೆಂಡಿನ ಗ್ಲಾರಸ್‌ನಲ್ಲಿದ್ದ ಅಜ್ಜ ಅಜ್ಜಿಯರ ಬಳಿಗೆ ಕಳುಹಿಸಿದರು. ಹುಡುಗನ ಒಲವು ಮಾತ್ರ ಗಣಿತ ಮತ್ತು ಭೌತಶಾಸ್ತ್ರದ ಕಡೆಗೆ ಹರಿಯಿತು. ಜ್ಯೂರಿಚ್‌ನಲ್ಲಿ ಉನ್ನತ ವ್ಯಾಸಂಗ ಮುಗಿಸಿ, 1925ರಲ್ಲಿ ಅಮೆರಿಕದ ಪಸಡೀನಾದಲ್ಲಿರುವ ಕ್ಯಾಲ್‌ಟೆಕ್ ಸಂಸ್ಥೆಗೆ ಹೋದರು. ಬಾಳಿನ ಉಳಿದ ಕಾಲವನ್ನು ಅಲ್ಲಿಯೇ ದುಡಿದರೂ ತಮ್ಮ ಸ್ವಿಸ್ ಪೌರತ್ವವನ್ನು ಬಿಟ್ಟುಕೊಡಲಿಲ್ಲ.

1933ರಲ್ಲಿ ಅವರು ಕೋಮಾ ಎಂಬ ಗೆಲಾಕ್ಸಿ ಸಮೂಹವನ್ನು ಅಭ್ಯಸಿಸಿದರು. ನಮ್ಮ ಸೂರ್ಯನಂಥ ಕೋಟ್ಯಂತರ ನಕ್ಷತ್ರಗಳ ಒಂದು ಊರೇ ಗೆಲಾಕ್ಸಿ. ಕೋಮಾದಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಊರುಗಳು ಒಟ್ಟಾಗಿವೆ. ಅಲ್ಲಿ ಕಾಣುವ ಬೆಳಕಿನಿಂದ ದ್ರವ್ಯ ಎಷ್ಟಿರಬಹುದೆಂದು ಜ್ವಿಕಿಯವರು ಲೆಕ್ಕ ಹಾಕಿದರು. ಅಷ್ಟು ದ್ರವ್ಯದ ಗುರುತ್ವಾಕರ್ಷಣೆಗೆ ಗೆಲಾಕ್ಸಿಗಳು ಸೆಕೆಂಡಿಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಚಲಿಸಬೇಕಿತ್ತು. ಅಳೆದಾಗ ಸಿಕ್ಕ ವೇಗವಾದರೋ ಸುಮಾರು 1,000 ಕಿಲೋಮೀಟರ್! ಆ ವೇಗದಲ್ಲಿ ಸಮೂಹ ಎಂದೋ ಚದುರಿಹೋಗಬೇಕಿತ್ತು. ಚದುರಿಲ್ಲವೆಂದರೆ, ಬೆಳಕು ಬೀರದ ಅಪಾರ ದ್ರವ್ಯ ಅಲ್ಲಿ ಅಡಗಿರಬೇಕು. ಅದನ್ನು ಅವರು ಕಪ್ಪು ದ್ರವ್ಯ ಎಂದು ಕರೆದರು. ಇಂದು ಎಲ್ಲರೂ ಡಾರ್ಕ್ ಮ್ಯಾಟರ್ ಎನ್ನುವುದು ಇದನ್ನೇ. ಕಾಣುವುದಕ್ಕಿಂತ 400 ಪಟ್ಟು ದ್ರವ್ಯ ಬೇಕು ಎಂಬ ಅವರ ಅಂಕಿ ಮುಂದೆ ಬಹಳಷ್ಟು ತಗ್ಗಿತು. ಮೂಲ ತೀರ್ಮಾನ ಮಾತ್ರ ಉಳಿಯಿತು.

ಮರುವರ್ಷ, 1934ರಲ್ಲಿ, ವಾಲ್ಟರ್ ಬಾಡೆ ಅವರೊಡನೆ ಸೇರಿ, ದೊಡ್ಡ ನಕ್ಷತ್ರ ಸ್ಫೋಟಗೊಂಡಾಗ ಅತಿ ಸಾಂದ್ರವಾದ ನ್ಯೂಟ್ರಾನ್ ನಕ್ಷತ್ರ ಉಳಿಯುತ್ತದೆ ಎಂದು ಸೂಚಿಸಿದರು. ಇಂಥ ಸೂಪರ್ನೋವಾ ಸ್ಫೋಟಗಳನ್ನು ಹುಡುಕುತ್ತಾ ಪಾಲೊಮಾರ್ ಬೆಟ್ಟದಲ್ಲಿ ರಾತ್ರಿಗಳನ್ನು ಕಳೆದು, ಜೀವಿತಕಾಲದಲ್ಲಿ ನೂರಕ್ಕೂ ಮಿಕ್ಕಿ ಕಂಡುಹಿಡಿದರು. 1937ರಲ್ಲಿ, ಗೆಲಾಕ್ಸಿಗಳು ಮಸೂರದಂತೆ ಬೆಳಕನ್ನು ಬಾಗಿಸಬಲ್ಲವು, ಅದರಿಂದಲೇ ಅವುಗಳನ್ನು ತೂಗಬಹುದು ಎಂದರು. ನ್ಯೂಟ್ರಾನ್ ನಕ್ಷತ್ರದ ಗುರುತು 1967ರಲ್ಲಿ ಸಿಕ್ಕಿತು; ಇಂಥ ಮಸೂರ 1979ರಲ್ಲಿ.

ಹಾಗಾದರೆ ಕಪ್ಪು ದ್ರವ್ಯದ ಮಾತನ್ನು ಜಗತ್ತು ನಾಲ್ಕು ದಶಕ ಏಕೆ ಬದಿಗಿಟ್ಟಿತು? ಸಾಕ್ಷ್ಯ ಇನ್ನೂ ಸಾಲದಾಗಿತ್ತು ಎಂಬುದು ನಿಜ. ಕೆಲವೇ ಗೆಲಾಕ್ಸಿಗಳ ವೇಗ ಆಗ ತಿಳಿದಿತ್ತು. ಲೇಖನವೂ ಜರ್ಮನ್ ಭಾಷೆಯಲ್ಲಿ ಸ್ವಿಸ್ ಪತ್ರಿಕೆಯೊಂದರಲ್ಲಿ ಬಂದಿತ್ತು. ಇದರ ಜೊತೆಗೆ ಜ್ವಿಕಿಯವರ ನಾಲಗೆಯೂ ಸೇರಿತು. ಸಹೋದ್ಯೋಗಿಗಳನ್ನು ಮುಖದ ಮೇಲೆಯೇ ಹೀಯಾಳಿಸುತ್ತಿದ್ದರು. ಬಾಡೆಯವರೊಡನೆ ಇದ್ದ ಸ್ನೇಹ ವೈರವಾಯಿತು. 1971ರಲ್ಲಿ ಪ್ರಕಟಿಸಿದ ಗೆಲಾಕ್ಸಿಗಳ ಪಟ್ಟಿಯ ಮುನ್ನುಡಿಯಲ್ಲೂ ಅವರು ಇತರ ವಿಜ್ಞಾನಿಗಳನ್ನು ಜರೆದರು. ಹೀಗೆ ಮಾತಿನ ಕಹಿಯಲ್ಲಿ ಮಾತಿನ ಸತ್ಯವೂ ಮುಚ್ಚಿಹೋಯಿತು.

ಆದರೆ ಇದೇ ಮನುಷ್ಯನ ಇನ್ನೊಂದು ಮುಖವನ್ನೂ ನೋಡಿ. ಎರಡನೆಯ ಮಹಾಯುದ್ಧ ಯೂರೋಪ್ ಮತ್ತು ಏಷ್ಯಾದ ಗ್ರಂಥಾಲಯಗಳನ್ನು ಸುಟ್ಟು ಹಾಳುಮಾಡಿದಾಗ, ಜ್ವಿಕಿಯವರು ವಿಜ್ಞಾನದ ಪುಸ್ತಕಗಳನ್ನೂ ಪತ್ರಿಕೆಗಳನ್ನೂ ಕೂಡಿಸಿ, ಆ ದೇಶಗಳಿಗೆ ವರ್ಷಗಟ್ಟಲೆ ಕಳುಹಿಸಿದರು. ಯುದ್ಧದಲ್ಲಿ ತಬ್ಬಲಿಗಳಾದ ಮಕ್ಕಳಿಗೆ ನೆರವಾಗುವ ಪೆಸ್ಟಲೋಜಿ ಪ್ರತಿಷ್ಠಾನದಲ್ಲಿ ದೀರ್ಘಕಾಲ ದುಡಿದರು. ಬಿರುಸು ಮಾತಿನ ಹಿಂದೆ ಇಂಥ ಮರುಕವಿತ್ತು. ಸಂಸ್ಥೆಯಲ್ಲಿ ಅವರ ಬೈಗುಳ ತಿಂದವರಲ್ಲಿ ಎಷ್ಟು ಮಂದಿ ಅದನ್ನು ಕಂಡಿದ್ದಾರು?

1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿ ಸುತ್ತುವ ವೇಗವನ್ನು ಅಳೆದು ಪ್ರಕಟಿಸಿದರು. ಅಂಚಿನಲ್ಲಿಯೂ ವೇಗ ನಿರೀಕ್ಷಿಸಿದಂತೆ ತಗ್ಗಿರಲಿಲ್ಲ. ಆ ದಶಕದಲ್ಲಿ ಇಂಥ ಅಳತೆಗಳು ಕೂಡುತ್ತಾ ಹೋದಂತೆ ವಿಜ್ಞಾನಿಗಳು ಕಪ್ಪು ದ್ರವ್ಯವನ್ನು ಒಪ್ಪತೊಡಗಿದರು. 1972ರಲ್ಲಿ ಬ್ರಿಟನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿ ಜ್ವಿಕಿಯವರಿಗೆ ಚಿನ್ನದ ಪದಕ ನೀಡಿತು. 1974ರ ಫೆಬ್ರವರಿ 8ರಂದು ಅವರು ಪಸಡೀನಾದಲ್ಲಿ ತೀರಿಕೊಂಡರು.

ಇಂದಿನ ಲೆಕ್ಕದಂತೆ ಜಗತ್ತಿನ ಒಟ್ಟು ದ್ರವ್ಯದಲ್ಲಿ ಆರರಲ್ಲಿ ಐದು ಪಾಲು ಕಪ್ಪು ದ್ರವ್ಯ. ಅದರ ಒಂದು ಕಣವನ್ನಾದರೂ ನೇರವಾಗಿ ಹಿಡಿಯಲು, ಇಟಲಿಯ ಗ್ರಾನ್ ಸಾಸೊ ಬೆಟ್ಟದ ಒಡಲಲ್ಲೂ ಅಮೆರಿಕದ ದಕ್ಷಿಣ ಡಕೋಟಾದ ಹಳೆಯ ಚಿನ್ನದ ಗಣಿಯಲ್ಲೂ ಹಲವು ಟನ್ ದ್ರವ ಕ್ಸೆನಾನ್ ಇಟ್ಟು ವಿಜ್ಞಾನಿಗಳು ಕಾದಿದ್ದಾರೆ. ಇದುವರೆಗೆ ಸಿಕ್ಕಿಲ್ಲ, ಕಾಯುವುದನ್ನು ಅವರು ಬಿಟ್ಟೂ ಇಲ್ಲ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೂ ಒರಟು ಮಾತಿನವರೊಬ್ಬರು ಇರಬಹುದು. ಅವರು ಬಾಯಿ ತೆರೆದೊಡನೆ ಉಳಿದವರು ಎದ್ದು ಹೋಗುತ್ತಾರೆ. ಇಂದು ಒಮ್ಮೆ ಕುಳಿತು ಅವರ ಮಾತನ್ನು ಪೂರ್ತಿ ಕೇಳಿ. ಆ ಒರಟು ಮಾತಿನವರು ನೀವೇ ಆಗಿದ್ದರೆ, ನಿಮ್ಮಲ್ಲಿರುವ ಸತ್ಯ ನಾಲ್ವತ್ತು ವರ್ಷ ಕಾಯದಿರಲಿ. ಅದನ್ನು ಮೆಲ್ಲಗೆ ಹೇಳಿ.