ಮೈಸೂರಿನಿಂದ ಷಿಕಾಗೋಗೆ: ಎ. ಕೆ. ರಾಮಾನುಜನ್

ಕನ್ನಡ ನವ್ಯಕಾವ್ಯದ ಪ್ರಮುಖರಲ್ಲಿ ಒಬ್ಬರಾದ ಎ. ಕೆ. ರಾಮಾನುಜನ್ ಅವರು 1929ರ ಮಾರ್ಚ್ 16ರಂದು ಮೈಸೂರಿನಲ್ಲಿ ಜನಿಸಿದರು. ಮನೆಮಾತು ತಮಿಳು. ತಂದೆ ಕೃಷ್ಣಸ್ವಾಮಿಯವರು ಗಣಿತದ ಪ್ರಾಧ್ಯಾಪಕರು. ಕೆಳಗೆ ತಾಯಿಯೊಡನೆ ತಮಿಳು, ಮಹಡಿಯ ಮೇಲೆ ತಂದೆಯ ಕೋಣೆಯಲ್ಲಿ ಇಂಗ್ಲಿಷು, ಬೀದಿಗಿಳಿದರೆ ಕನ್ನಡ. ಹೀಗೆ ಮೂರು ಭಾಷೆಗಳ ನಡುವೆ ಅವರ ಬಾಲ್ಯ ಕಳೆಯಿತು. ಬೇರಿಕೆ, ಹೊಸೂರು, ತಳಿ ಭಾಗದ ಕನ್ನಡ ಮನೆಗಳಿಂದ ಬರುವ ವಿದ್ಯಾರ್ಥಿಗಳಿಗೆ ಇಂಥ ಬಾಳು ಅಪರಿಚಿತವೇನಲ್ಲ. ನಮ್ಮಲ್ಲಿ ಕನ್ನಡ ಮನೆಯೊಳಗೆ, ತಮಿಳು ಬೀದಿಯಲ್ಲಿ. ಅವರಲ್ಲಿ ಅದು ಅದಲುಬದಲಾಗಿತ್ತು.

ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿದ ರಾಮಾನುಜನ್ ಅವರು ಕೊಲ್ಲಂ, ಬೆಳಗಾವಿ, ಬರೋಡ ಮೊದಲಾದೆಡೆ ಸುಮಾರು ಎಂಟು ವರ್ಷ ಅಧ್ಯಾಪಕರಾಗಿ ದುಡಿದರು. ಬೆಳಗಾವಿಯಲ್ಲಿದ್ದಾಗ ಕನ್ನಡದ ಜನಪದ ಕಥೆಗಳನ್ನು ಸಂಗ್ರಹಿಸಿದರು. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನವನ್ನು ಹೊಸದಾಗಿ ಕಲಿತರು. 1959ರಲ್ಲಿ, ತಮ್ಮ ಮೂವತ್ತನೆಯ ವಯಸ್ಸಿನಲ್ಲಿ, ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ತೆರಳಿದರು.

ಹೊರಟಿದ್ದು ವ್ಯಾಸಂಗಕ್ಕಾಗಿ. ಆದರೆ ವ್ಯಾಸಂಗವು ಸಂಶೋಧನೆಗೆ, ಸಂಶೋಧನೆಯು ಷಿಕಾಗೋ ವಿಶ್ವವಿದ್ಯಾಲಯದ ಅಧ್ಯಾಪಕ ಹುದ್ದೆಗೆ ದಾರಿಮಾಡಿತು. ಊರು ಬಿಡುವ ನಿರ್ಧಾರವು ಹಲವೊಮ್ಮೆ ಹೀಗೆಯೇ ಹಂತಹಂತವಾಗಿ ಆಗುತ್ತದೆ. ಕವಿಗೆ ಇದರಲ್ಲಿ ಇನ್ನೊಂದು ಕಷ್ಟವಿದೆ. ಭಾಷೆ ಉಳಿಯುವುದು ನಿತ್ಯದ ಕೇಳ್ಮೆಯಲ್ಲಿ. ಸಂತೆ, ಜಗಲಿ, ಜಗಳಗಳಲ್ಲಿ. ಅವುಗಳಿಂದ ದೂರವಾದವನು ಕನ್ನಡದಲ್ಲಿ ಏನನ್ನು ಬರೆದಾನು?

ಈ ಪ್ರಶ್ನೆಗೆ ಅವರು ಕೆಲಸದಿಂದಲೇ ಉತ್ತರಿಸಿದರು. 1963ರಲ್ಲಿ ಅವರಿಗೆ ಡಾಕ್ಟರೇಟ್ ತಂದುಕೊಟ್ಟದ್ದು ಕನ್ನಡ ವ್ಯಾಕರಣದ ಅಧ್ಯಯನವೇ. 1962ರಲ್ಲಿ ಷಿಕಾಗೋದ ಹಾರ್ಪರ್ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ತಮಿಳಿನ ವ್ಯಾಕರಣವನ್ನು ಹುಡುಕುತ್ತಿದ್ದಾಗ ಸಂಗಂ ಸಂಕಲನವಾದ ಕುರುಂತೊಗೈ ಅವರ ಕೈಗೆ ಸಿಕ್ಕಿತು. ಮನೆಮಾತಿನ ಪ್ರಾಚೀನ ಕಾವ್ಯವನ್ನು ಅವರು ಕಂಡುಕೊಂಡದ್ದು ಪರದೇಶದಲ್ಲಿ. ಪರಂಪರೆ ಹುಟ್ಟಿನಿಂದ ತಾನಾಗಿ ಒದಗುವುದಿಲ್ಲ, ಅದನ್ನು ದುಡಿದು ಗಳಿಸಬೇಕು ಎಂಬ ಅರಿವನ್ನು ಅವರು ಮುಂದೆ ದಾಖಲಿಸಿದರು.

1969ರಲ್ಲಿ 'ಹೊಕ್ಕುಳಲ್ಲಿ ಹೂವಿಲ್ಲ' ಕವನ ಸಂಕಲನ ಪ್ರಕಟವಾಯಿತು. 1973ರಲ್ಲಿ ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳ ಇಂಗ್ಲಿಷ್ ಅನುವಾದ 'ಸ್ಪೀಕಿಂಗ್ ಆಫ್ ಶಿವ' ಹೊರಬಂದು ವಚನಗಳಿಗೆ ಜಗತ್ತಿನ ಓದುಗರನ್ನು ತಂದುಕೊಟ್ಟಿತು. 1976ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ'ವೂ ಅವರ ಅನುವಾದದಲ್ಲಿ ಪ್ರಕಟಗೊಂಡಿತು. ಅದೇ ವರ್ಷ ಪದ್ಮಶ್ರೀ, 1983ರಲ್ಲಿ ಮೆಕಾರ್ಥರ್ ಫೆಲೋಶಿಪ್ ಸಂದವು. 'ಕುಂಟೋಬಿಲ್ಲೆ' ಸಂಕಲನ 1990ರಲ್ಲಿ ಬಂದಿತು. ಮಕ್ಕಳ ಬೀದಿಯಾಟದ ಆ ಹೆಸರು ಮೂರು ದಶಕಗಳ ಅಗಲಿಕೆಯಲ್ಲೂ ಅವರೊಳಗೆ ಮಾಸಿರಲಿಲ್ಲ.

1993ರ ಜುಲೈ 13ರಂದು ರಾಮಾನುಜನ್ ಅವರು ಷಿಕಾಗೋದಲ್ಲಿ ನಿಧನರಾದರು. ಕನ್ನಡದ ಅಜ್ಜಿಯರು ಹೇಳಿದ ಕಥೆಗಳ ಅವರ ಸಂಗ್ರಹ ಇಂಗ್ಲಿಷಿನಲ್ಲಿ ಬೆಳಕು ಕಂಡದ್ದು ಅನಂತರ, 1997ರಲ್ಲಿ. ಊರಲ್ಲೇ ಉಳಿಯುವುದೋ ಹೊರಡುವುದೋ ಎಂಬ ಯೋಚನೆ ಇಂದು ನಮ್ಮ ಅನೇಕ ವಿದ್ಯಾರ್ಥಿಗಳದೂ ಹೌದು. ಎಲ್ಲಿದ್ದರೂ ತನ್ನ ಭಾಷೆಗಾಗಿ ದಿನವೂ ಒಂದಿಷ್ಟು ದುಡಿಯಬೇಕಾಗುತ್ತದೆ ಎಂಬುದಕ್ಕೆ ಈ ಬಾಳು ಸಾಕ್ಷಿ.